ನೂರು ರೂಪಾಯಿಗೆ ಒಂದು ಲೀಟರೂ ಇಲ್ಲ

ನಮ್ಮ ಸಂತೇಬೆನ್ನೂರು ಕಡೆ ಬಂಕಿಗೆ ಹೋದವರು ಲೀಟರ್ ಲೆಕ್ಕ ಹೇಳೋದಿಲ್ಲ, ‘ನೂರು ರೂಪಾಯಿಗೆ ಹಾಕಪ್ಪ’ ಅಂತಾರೆ. 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 25.92ರಿಂದ 29.84ಕ್ಕೆ ಏರಿಸಿತು. ಲೀಟರಿಗೆ 3 ರೂಪಾಯಿ ಜಾಸ್ತಿಯಾಯಿತು; ಆ ನೂರರ ನೋಟಿಗೆ ಒಂದು ಲೀಟರೂ ಬರುತ್ತಿರಲಿಲ್ಲ.

ಬೈಕು ಲೀಟರಿಗೆ 50 ಕಿ.ಮೀ. ಕೊಟ್ಟರೂ ಕಿಲೋಮೀಟರಿಗೆ 2 ರೂಪಾಯಿ ದಾಟುತ್ತೆ. ಕೆಲಸಕ್ಕೆ ದಿನಾ 40 ಕಿ.ಮೀ. ಓಡಾಡುವವರಿಗೆ ತಿಂಗಳಿಗೆ 2 ಸಾವಿರ ಬರೀ ಪೆಟ್ರೋಲಿಗೇ ಬೇಕು.

ಹಾಗಾಗಿ ಉಳಿಸೋ ದಾರಿ ಹುಡುಕ್ತೀವಿ. ಟೈರಿಗೆ ಸರಿಯಾಗಿ ಗಾಳಿ ಹಿಡಿಸೋದು, ಸಂತೆ, ಬ್ಯಾಂಕು ಒಂದೇ ಸಲ ಮುಗಿಸೋದು ಒಳ್ಳೇದೇ. ಆದರೆ ಒಂದೇ ಬೈಕಲ್ಲಿ ಮೂರು ಜನ ಹೋಗೋದು, ಇಳಿಜಾರಲ್ಲಿ ಎಂಜಿನ್ ಆಫ್ ಮಾಡೋದು ಉಳಿತಾಯವಲ್ಲ, ಜೀವದ ಜೊತೆ ಜೂಜು.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಮೇಲೆ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತ. ಆದರೆ ಹಳ್ಳಿಗೆ ಬಸ್ಸೇ ಬರದಿದ್ದರೆ ಉಚಿತ ಟಿಕೆಟ್ಟಿಂದ ಏನು ಪ್ರಯೋಜನ? ಕತ್ತಲಾದ ಮೇಲೆ ಮತ್ತೆ ಬೈಕೇ ಗತಿ.

ಬೆಲೆ ಇಳಿಸೋದು ನಮ್ಮ ಕೈಲಿಲ್ಲ. ಸಂಜೆಗೊಂದು ಬಸ್ಸು ಕೊಡಿ ಅಂತ ಗ್ರಾಮಸಭೆಯಲ್ಲಿ ಕೇಳೋದು ನಮ್ಮ ಕೈಲಿದೆ. ಮುಂದಿನ ಸಭೆಯಲ್ಲಿ ಕೇಳೋಣ, ಅರ್ಜಿ ಬರೆದುಕೊಂಡೇ ಹೋಗೋಣ.