ಸುಣ್ಣದ ಲಾಭವೋ, ನೆಲದ ಲಾಭವೋ?

ಹಳೆಯ ಮನೆಯೊಂದನ್ನು ಅಗ್ಗಕ್ಕೆ ಕೊಳ್ಳುವುದು, ಗೋಡೆಗೆ ಸುಣ್ಣ ಬಣ್ಣ ಬಳಿಸುವುದು, ಹೊಸ ನಲ್ಲಿ, ಹೊಸ ಕದ ಕೂಡಿಸುವುದು, ಆರು ತಿಂಗಳೊಳಗೆ ಒಂದೂವರೆ ಪಟ್ಟು ಬೆಲೆಗೆ ಮಾರಿಬಿಡುವುದು: ಇದು ಇಂದು ಜಗತ್ತಿನ ದೊಡ್ಡ ನಗರಗಳಲ್ಲಿ ಒಂದು ಕಸುಬೇ ಆಗಿಬಿಟ್ಟಿದೆ. ಅಮೆರಿಕದಲ್ಲಿ ಇದಕ್ಕೆ ಮನೆ 'ಫ್ಲಿಪ್' ಮಾಡುವುದು, ಎಂದರೆ ಕಾವಲಿಯ ಮೇಲಿನ ದೋಸೆಯಂತೆ ಮಗುಚುವುದು, ಎಂದು ಹೆಸರು. ಮಗುಚುವ ಚಮತ್ಕಾರವನ್ನು ಟೆಲಿವಿಷನ್ನಿನಲ್ಲಿ ತೋರಿಸುವ ಕಾರ್ಯಕ್ರಮಗಳೂ ಉಂಟು. ದೋಸೆ ಮಗುಚಿದರೆ ಇನ್ನೊಂದು ಮಗ್ಗುಲು ಬೇಯುತ್ತದೆ, ಸರಿ. ಮನೆ ಮಗುಚಿದರೆ ಬೇಯುವವರು ಯಾರು? ಈ ಪ್ರಶ್ನೆಯನ್ನು ಟೆಲಿವಿಷನ್ ಕೇಳುವುದಿಲ್ಲ, ನಾವು ಕೇಳಬೇಕಾಗಿದೆ.

ಮೊದಲು ಸ್ವಲ್ಪ ಲೆಕ್ಕ. ಒಬ್ಬನು 20 ಲಕ್ಷಕ್ಕೆ ಮನೆ ಕೊಂಡು, 3 ಲಕ್ಷ ಖರ್ಚು ಮಾಡಿ ದುರಸ್ತಿ ಮಾಡಿಸಿ, 32 ಲಕ್ಷಕ್ಕೆ ಮಾರಿದನೆಂದು ಇಟ್ಟುಕೊಳ್ಳೋಣ. ಸ್ಟಾಂಪು, ರಿಜಿಸ್ಟ್ರಿ, ಬಡ್ಡಿ ಎಂದು 2 ಲಕ್ಷ ಕಳೆಯಿರಿ. ಕೈಯಲ್ಲಿ ಉಳಿದದ್ದು 7 ಲಕ್ಷ. ಈ 7 ಲಕ್ಷವನ್ನು ಹುಟ್ಟಿಸಿದವರು ಯಾರು? ಗಾರೆಯವನು, ಬಡಗಿ, ಬಣ್ಣದವನು ಇವರೆಲ್ಲರ ಕೂಲಿ ಆ 3 ಲಕ್ಷದೊಳಗೇ ತೀರಿಹೋಯಿತು. ಮೇಲ್ವಿಚಾರಣೆ ನೋಡಿದ್ದಕ್ಕೆ, ಗಂಡಾಂತರ ಹೊತ್ತದ್ದಕ್ಕೆ ಮಾಲೀಕನಿಗೂ ಒಂದು ಪಾಲು ಸಲ್ಲಬೇಕು, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಪಾಳುಬಿದ್ದ ಮನೆಯನ್ನು ತನ್ನ ಕೈಯಾರೆ ಎತ್ತಿ ನಿಲ್ಲಿಸಿದ ಮೇಸ್ತ್ರಿಯ ಸಂಪಾದನೆ ಬೆವರಿನ ಸಂಪಾದನೆ, ಅದಕ್ಕೆ ಕೈಮುಗಿಯುತ್ತೇವೆ. ಆದರೆ ಉಳಿದ ಹಣ ಬಂದದ್ದು ಸುಣ್ಣದಿಂದಲ್ಲ, ಸುಣ್ಣದ ಕೆಳಗಿರುವ ನೆಲದಿಂದ. ಆ ನೆಲದ ಬೆಲೆ ಏರಿಸಿದ್ದು ಪುರಸಭೆಯ ರಸ್ತೆ, ಸರ್ಕಾರದ ಶಾಲೆ, ಕೊಳಾಯಿ ನೀರು, ಆ ಬೀದಿಯಲ್ಲಿ ಮೂವತ್ತು ವರ್ಷ ಅಂಗಡಿಯಿಟ್ಟು ಗಿರಾಕಿಗಳನ್ನು ಕೂಡಿಸಿದ ವ್ಯಾಪಾರಿ. ಊರೆಲ್ಲ ಸೇರಿ ಬೆಳೆಸಿದ ಮರದ ಹಣ್ಣನ್ನು ಕಟ್ಟಕಡೆಗೆ ಏಣಿ ತಂದವನು ಕಿತ್ತುಕೊಂಡ ಹಾಗೆ ಇದು.

ಇಷ್ಟೇ ಆಗಿದ್ದರೆ ತೆರಿಗೆಯ ಮಾತು ಆಡಿ ಸುಮ್ಮನಾಗಬಹುದಿತ್ತು. ಆದರೆ ಅನೇಕ ವೇಳೆ ಲಾಭ ನೆಲದಿಂದಲೂ ಅಲ್ಲ, ಮನೆಯಲ್ಲಿದ್ದವರನ್ನು ಹೊರಗೆ ಹಾಕುವುದರಿಂದಲೇ ಬರುತ್ತದೆ. ಇದಕ್ಕೆ ಲಂಡನ್ ನಗರದ ಕಥೆಗಿಂತ ಸ್ಪಷ್ಟವಾದ ನಿದರ್ಶನ ಬೇರಿಲ್ಲ.

ಎರಡನೆಯ ಮಹಾಯುದ್ಧದ ನಂತರ ಲಂಡನ್ನಿನ ಹಳೆಯ ಬೀದಿಗಳಲ್ಲಿ ಬಡ ಬಾಡಿಗೆದಾರರು ಒಂದೊಂದು ಮನೆಯಲ್ಲಿ ಹಲವು ಸಂಸಾರಗಳಾಗಿ ಬದುಕುತ್ತಿದ್ದರು. ಬಾಡಿಗೆಗೆ ಸರ್ಕಾರದ ಕಟ್ಟು ಇತ್ತು. 1957ರಲ್ಲಿ ಕನ್ಸರ್ವೇಟಿವ್ ಸರ್ಕಾರ ತಂದ ಬಾಡಿಗೆ ಕಾಯಿದೆ ಆ ಕಟ್ಟನ್ನು ಸಡಿಲಿಸಿತು. ದೊಡ್ಡ ಮನೆಗಳು ಕೂಡಲೇ ಹತೋಟಿಯಿಂದ ಹೊರಬಿದ್ದವು. ಉಳಿದವುಗಳಲ್ಲಿ ಹಳೆಯ ಬಾಡಿಗೆದಾರ ಬಿಟ್ಟುಹೋದ ಗಳಿಗೆಯಿಂದ ಹತೋಟಿ ಇಲ್ಲ. ಫಲವೇನಾಯಿತು? ಜನರಿರುವ ಮನೆಗೆ ಅಗ್ಗದ ಬೆಲೆ, ಅದೇ ಮನೆ ಖಾಲಿಯಾದರೆ ಭಾರಿ ಬೆಲೆ. ಖಾಲಿ ಮಾಡಿಸುವುದೇ ಎಲ್ಲಕ್ಕಿಂತ ಲಾಭದ 'ದುರಸ್ತಿ' ಆಯಿತು! ನಾಟಿಂಗ್ ಹಿಲ್ ಪ್ರದೇಶದಲ್ಲಿ ಪೀಟರ್ ರಾಕ್‌ಮನ್ ಎಂಬ ಮನೆಮಾಲೀಕ ಹಳೆಯ ಬಾಡಿಗೆದಾರರನ್ನು ಕಾಟ ಕೊಟ್ಟು ಓಡಿಸಿದ ರೀತಿ ಎಷ್ಟು ಕುಖ್ಯಾತವಾಯಿತೆಂದರೆ, ಅವನು 1962ರಲ್ಲಿ ಸತ್ತ ಮೇಲೆ ಅವನ ಹೆಸರೇ ಇಂಗ್ಲಿಷ್ ಭಾಷೆಯಲ್ಲಿ ಒಂದು ಬೈಗುಳವಾಗಿ ಉಳಿಯಿತು. ಈ ಹಗರಣಗಳ ತನಿಖೆಗೆ ನೇಮಿಸಿದ ಮಿಲ್ನರ್ ಹಾಲೆಂಡ್ ಸಮಿತಿ 1965ರಲ್ಲಿ ವರದಿ ಕೊಟ್ಟಿತು. ಅದೇ ವರ್ಷ ಲೇಬರ್ ಸರ್ಕಾರ ಬಾಡಿಗೆದಾರರಿಗೆ ರಕ್ಷಣೆ ಕೊಡುವ ಹೊಸ ಕಾಯಿದೆ ತಂದಿತು.

ಆದರೆ ಹಣದ ನೀರು ಒಂದು ಕಿಂಡಿ ಮುಚ್ಚಿದರೆ ಇನ್ನೊಂದು ಕಿಂಡಿ ಹುಡುಕುತ್ತದೆ. ಇಸ್ಲಿಂಗ್‌ಟನ್ನಿನಂಥ ಕೂಲಿಕಾರರ ಬಡಾವಣೆಗಳಿಗೆ ಅನುಕೂಲಸ್ಥರು ಬಂದು ಸೇರುತ್ತಿದ್ದುದನ್ನು ಕಂಡ ಸಮಾಜಶಾಸ್ತ್ರಜ್ಞೆ ರೂತ್ ಗ್ಲಾಸ್ 1964ರಲ್ಲಿ ಅದಕ್ಕೆ 'ಜೆಂಟ್ರಿಫಿಕೇಷನ್' ಎಂದು ಹೆಸರಿಟ್ಟರು. ನಮ್ಮ ಮಾತಿನಲ್ಲಿ ಹೇಳುವುದಾದರೆ, ದೊಡ್ಡಮನುಷ್ಯರು ಬಂದು ಬಡವರ ಕೇರಿಯನ್ನು ಆಕ್ರಮಿಸಿಕೊಳ್ಳುವುದು. 1969ರಲ್ಲಿ ಲೇಬರ್ ಸರ್ಕಾರವೇ ಸದುದ್ದೇಶದಿಂದ ಇನ್ನೊಂದು ಕಾಯಿದೆ ಮಾಡಿತು. ಹಳೆಯ ಮನೆಗೆ ಸ್ನಾನದ ಕೋಣೆ, ಬಿಸಿನೀರು, ಗಟ್ಟಿ ಮಾಡು ಮಾಡಿಸುವವರಿಗೆ ಸರ್ಕಾರದ ಸಹಾಯಧನ; ಅದರ ಪರಮಾವಧಿ 400 ಪೌಂಡಿನಿಂದ 1,000 ಪೌಂಡಿಗೆ ಏರಿತು. ಆದರೆ ಸಹಾಯ ಪಡೆದವನು ಮನೆಯನ್ನು ಇಂತಿಷ್ಟು ವರ್ಷ ಮಾರಕೂಡದು ಎಂಬ ಷರತ್ತನ್ನು ಮಾತ್ರ ಆ ಕಾಯಿದೆ ಇಡಲಿಲ್ಲ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ! ವ್ಯಾಪಾರಿಗಳು ಬಾಡಿಗೆದಾರರಿಗೆ ಅಷ್ಟಿಷ್ಟು ಹಣ ತೋರಿಸಿಯೋ ಹೆದರಿಸಿಯೋ ಎಬ್ಬಿಸಿದರು, ಸರ್ಕಾರದ ಹಣದಲ್ಲಿ ಮನೆ ಹೊಸದು ಮಾಡಿಸಿದರು, ಸಂಬಳಸ್ಥರಿಗೆ ಮಾರಿದರು. ಯಾವ ಕೂಲಿಕಾರನಿಗೆ ಬಿಸಿನೀರು ಸಿಗಲೆಂದು ತೆರಿಗೆಯ ಹಣ ಖರ್ಚಾಯಿತೋ ಅವನು ಆ ಬೀದಿಯಲ್ಲೇ ಇರಲಿಲ್ಲ. ಕಡೆಗೆ 1974ರ ಕಾಯಿದೆ ಬಂದು, ಸಹಾಯ ಪಡೆದವನು ಐದು ವರ್ಷದೊಳಗೆ ಮಾರಿದರೆ ಹಣ ಹಿಂದಿರುಗಿಸಬೇಕೆಂದು ವಿಧಿಸಿತು. ಅಷ್ಟು ಹೊತ್ತಿಗೆ ಎಷ್ಟೋ ಬೀದಿಗಳ ಮುಖವೇ ಬದಲಾಗಿತ್ತು.

ಇಲ್ಲಿ ಕೆಲವರು ಒಂದು ವಾದ ಹೂಡುತ್ತಾರೆ: ಲಾಭದ ಆಸೆ ಇಲ್ಲದಿದ್ದರೆ ಹಳೆಯ ಮನೆಗಳನ್ನು ಯಾರು ರಿಪೇರಿ ಮಾಡುತ್ತಾರೆ, ಎಲ್ಲ ಕುಸಿದು ಬೀಳಲಿ ಎನ್ನುತ್ತೀರಾ, ಎಂದು. ಇದಕ್ಕೂ ಲಂಡನ್ನೇ ಉತ್ತರ ಕೊಟ್ಟಿದೆ. 1970ರ ದಶಕದಲ್ಲಿ ಇಸ್ಲಿಂಗ್‌ಟನ್, ಕ್ಯಾಮ್‌ಡನ್ ಮೊದಲಾದ ಸ್ಥಳೀಯ ಕೌನ್ಸಿಲುಗಳು ತಾವೇ ಇಂಥ ಮನೆಗಳನ್ನು ಕೊಂಡು, ರಿಪೇರಿ ಮಾಡಿಸಿ, ನ್ಯಾಯವಾದ ಬಾಡಿಗೆಗೆ ಕೊಟ್ಟವು. ಅದೇ ಗಾರೆ, ಅದೇ ಇಟ್ಟಿಗೆ. ಲಾಭಕೋರನೊಬ್ಬ ಮಾತ್ರ ನಡುವೆ ಇರಲಿಲ್ಲ. 1980ರಲ್ಲಿ ಥ್ಯಾಚರ್ ಸರ್ಕಾರ ಕೌನ್ಸಿಲ್ ಮನೆಗಳನ್ನು ಮಾರುವ ಕಾಯಿದೆ ಮಾಡಿದ ಮೇಲೆ ಅವುಗಳಲ್ಲೂ ಅನೇಕ ಮನೆಗಳು ಮತ್ತೆ ಸಂತೆಗೆ ಬಂದವು ಎಂಬುದು ಬೇರೆ ದುಃಖ.

ಈಗ ಅಮೆರಿಕಕ್ಕೆ ಬರೋಣ. ಅಲ್ಲಿ ಸರ್ಕಾರವೇ ಬಡವರ ಮನೆಸಾಲಕ್ಕೆ ಜಾಮೀನು ನಿಲ್ಲುವ ಒಂದು ಇಲಾಖೆಯಿದೆ. ಕೊಂಡ 90 ದಿನಗಳೊಳಗೆ ಮರುಮಾರಾಟವಾಗುವ ಮನೆಗೆ ಆ ಜಾಮೀನು ಸಿಗದೆಂದು 2003ರಲ್ಲಿ ನಿಯಮ ಮಾಡಿದರು. ಮೇಲುಬಣ್ಣ ಬಳಿದ ಮುರುಕು ಮನೆಗಳನ್ನು ದುಬಾರಿ ಬೆಲೆಗೆ ಅಮಾಯಕರ ತಲೆಗೆ ಕಟ್ಟುವ ಮೋಸ ಅಷ್ಟರ ಮಟ್ಟಿಗೆ ಹಬ್ಬಿತ್ತು. 2008ರ ಆರ್ಥಿಕ ಕುಸಿತದ ನಂತರ ಖಾಲಿ ಮನೆಗಳು ರಾಶಿಬಿದ್ದಾಗ, 2010ರಿಂದ 2014ರ ವರೆಗೆ ಅದೇ ನಿಯಮವನ್ನು ಬದಿಗಿಟ್ಟರು.

ಮುಂದೆ ದೊಡ್ಡ ಕಂಪನಿಗಳೇ ಮಗುಚುವ ಕೆಲಸಕ್ಕೆ ಇಳಿದವು. ಜಿಲ್ಲೋ ಎಂಬ ಕಂಪನಿ 2018ರಲ್ಲಿ ಈ ವ್ಯಾಪಾರ ಶುರುಮಾಡಿ, ಮನೆಯ ಬೆಲೆಯನ್ನು ಕಂಪ್ಯೂಟರ್ ಲೆಕ್ಕದಿಂದ ಊಹಿಸಿ ಸಾವಿರಾರು ಮನೆಗಳನ್ನು ಕೊಂಡಿತು. ಊಹೆ ತಪ್ಪಿತು. 2021ರ ನವೆಂಬರ್ 2ರಂದು ಆ ವ್ಯಾಪಾರ ಮುಚ್ಚುವುದಾಗಿ ಸಾರಿತು. ಮೂರೇ ತಿಂಗಳ ಲೆಕ್ಕದಲ್ಲಿ ತನ್ನ ಮನೆಗಳ ಬೆಲೆಯಿಂದ 30 ಕೋಟಿ ಡಾಲರಿಗೂ ಹೆಚ್ಚು ಮೊತ್ತವನ್ನು ಹೊಡೆದುಹಾಕಬೇಕಾಯಿತು. ಇದರ ದಂಡ ತೆತ್ತವರು ಯಾರು? ಕಂಪನಿಯ ನೌಕರರಲ್ಲಿ ಸುಮಾರು ಕಾಲುಭಾಗ ಜನ ಕೆಲಸ ಕಳೆದುಕೊಂಡರು. ಗೆದ್ದಾಗ ಲಾಭ ಪಾಲುದಾರನದು, ಸೋತಾಗ ನಷ್ಟ ದುಡಿಯುವವನದು. ಗಿರಣಿಯ ಗೇಟಿನ ಮುಂದೆ ನಿಂತು ಅನುಭವವಿರುವ ನಮ್ಮ ವಾಚಕರಿಗೆ ಇದು ಹೊಸ ಮಾತಲ್ಲ.

ಈ ರೋಗಕ್ಕೆ ಮದ್ದೇ ಇಲ್ಲವೆಂದಲ್ಲ. ಸಮಾಜವಾದದ ಹೆಸರನ್ನೂ ಎತ್ತದ ಸಿಂಗಪುರದಲ್ಲಿ, 2025ರ ಜುಲೈ 4ರ ನಂತರ ಕೊಂಡ ಮನೆಯನ್ನು ಒಂದು ವರ್ಷದೊಳಗೆ ಮಾರಿದರೆ ಬೆಲೆಯ ಶೇಕಡ 16, ಎರಡನೆಯ ವರ್ಷ 12, ಮೂರನೆಯ ವರ್ಷ 8, ನಾಲ್ಕನೆಯ ವರ್ಷ 4 ರಂತೆ ಮಾರುವವನೇ ಸ್ಟಾಂಪು ಶುಲ್ಕ ಕೊಡಬೇಕು. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ 2025ರ ಜನವರಿ 1ರಿಂದ, ಒಂದು ವರ್ಷದೊಳಗೆ ಮನೆ ಮಾರಿ ಪಡೆದ ಲಾಭದ ಮೇಲೆ ಶೇಕಡ 20 ವಿಶೇಷ ತೆರಿಗೆಯಿದೆ. ಎರಡು ವರ್ಷ ತುಂಬುವ ಹೊತ್ತಿಗೆ ಅದು ಇಳಿದು ಸೊನ್ನೆಯಾಗುತ್ತದೆ. ತತ್ತ್ವ ಸರಳ: ಬದುಕಲು ಕೊಂಡವನಿಗೆ ಭಾರವಿಲ್ಲ, ಮಗುಚಲು ಕೊಂಡವನಿಗೆ ಭಾರ.

ನಮ್ಮ ದೇಶದಲ್ಲಿ? 24 ತಿಂಗಳೊಳಗೆ ಮಾರಿದರೆ ಲಾಭವನ್ನು ಸಾಮಾನ್ಯ ವರಮಾನಕ್ಕೆ ಸೇರಿಸಿ ತೆರಿಗೆ ಹಾಕುತ್ತಾರೆ. ಅಷ್ಟು ಕಾಲ ಕಾದು ಕುಳಿತವನಿಗೆ, 2024ರ ಜುಲೈ 23ರಿಂದ, ಶೇಕಡ 12.5 ಮಾತ್ರ. ಇನ್ನು ಬಾಡಿಗೆದಾರನ ಪಾಡು: 1999ರ ಕರ್ನಾಟಕ ಬಾಡಿಗೆ ಕಾಯಿದೆಯ ರಕ್ಷಣೆ, ಅದರ ಪಟ್ಟಿಯಲ್ಲಿರುವ ದೊಡ್ಡ ನಗರಗಳಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ, ಉಳಿದೆಡೆ 2,000 ರೂಪಾಯಿ ದಾಟಿದರೆ ಇಲ್ಲ. ಅಂಗಡಿಯ ವಿಸ್ತೀರ್ಣ 14 ಚದರ ಮೀಟರು ಮೀರಿದರೂ ಇಲ್ಲ. ಇಂದು 2,000 ರೂಪಾಯಿಗೆ ಸಂಸಾರ ಇಡುವ ಮನೆ ಎಲ್ಲಿದೆ? ಅಂದಮೇಲೆ ಹೊಸ ಮಾಲೀಕ ಬಂದು ಬಿಡು ಎಂದರೆ ಗಿರಣಿ ಕಾರ್ಮಿಕನೂ ಬೀದಿಗೆ, ಕಿರಾಣಿ ಅಂಗಡಿಯವನೂ ಬೀದಿಗೆ. ಇವರಿಬ್ಬರ ಹಿತ ಬೇರೆಬೇರೆ ಎಂದು ಹೇಳಿಕೊಡುವವರನ್ನು ನಂಬಬೇಡಿ. ಕಾರ್ಮಿಕ ಕೇರಿ ಬಿಟ್ಟುಹೋದ ದಿನ ಅಂಗಡಿಯ ಉದ್ರಿ ಪುಸ್ತಕವೂ ಮುಚ್ಚುತ್ತದೆ.

ಆದ್ದರಿಂದ ನಾವು ಒತ್ತಾಯಿಸಬೇಕಾದದ್ದು ಮೂರು. ಒಂದು, ಬೇಗ ಮಾರಿದಷ್ಟೂ ಹೆಚ್ಚುವ ವಿಶೇಷ ತೆರಿಗೆ. ವಾಸಕ್ಕೆ ಇರುವ ಒಂದೇ ಮನೆಯನ್ನು ಕಷ್ಟಕ್ಕೆ ಮಾರುವವನಿಗೆ ಅದರಿಂದ ವಿನಾಯಿತಿ. ಎರಡು, ಮನೆ ಕೈಬದಲಾದರೂ ಬಾಡಿಗೆದಾರ ಕೈಬದಲಾಗದಂತೆ ಕಾಯಿದೆ, ಬಾಡಿಗೆಯ ಮಿತಿಗಳನ್ನು ಇಂದಿನ ಬೆಲೆಗೆ ತಕ್ಕಂತೆ ಏರಿಸುವುದು. ಮೂರು, ಹಳೆಯ ಮನೆಗಳ ದುರಸ್ತಿಗೆ ಸಾರ್ವಜನಿಕ ಹಣ ಕೊಟ್ಟಲ್ಲೆಲ್ಲ ಇಷ್ಟು ವರ್ಷ ಮಾರಕೂಡದೆಂಬ ಷರತ್ತು. ಇಂಗ್ಲೆಂಡು ಐದು ವರ್ಷ ತಡವಾಗಿ ಕಲಿತ ಪಾಠವನ್ನು ನಾವು ಮೊದಲ ದಿನವೇ ಕಲಿಯಬಹುದು.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಕಟ್ಟಿದವನ ಕಷ್ಟ ಅವರಿಗೆ ಗೊತ್ತಿತ್ತು. ಕಟ್ಟದೆ, ವಾಸವೂ ಮಾಡದೆ, ಬರಿಯ ಮಗುಚಿ ಹಣವಂತನಾಗುವವನ ಬಗ್ಗೆ ಗಾದೆ ಇನ್ನೂ ಹುಟ್ಟಿಲ್ಲ. ಗಾದೆ ಹುಟ್ಟುವುದಕ್ಕೆ ಮುಂಚೆ ಕಾಯಿದೆ ಹುಟ್ಟಲಿ. ಮುಂದಿನ ಸಲ ಮತ ಕೇಳಲು ನಿಮ್ಮ ಬಾಗಿಲಿಗೆ ಬಂದವರನ್ನು, ಆ ಬಾಗಿಲು ನಿಮ್ಮದಾಗಿ ಉಳಿಯಲು ಏನು ಮಾಡುತ್ತೀರಿ ಎಂದು ಕೇಳಿರಿ.