ಬಾಯಿ ಒಣಗಿದ್ದೆಲ್ಲ ಬಾಯಾರಿಕೆ ಅಲ್ಲ

ಕಳೆದ ರಂಜಾನ್‌ನಲ್ಲಿ ನಮ್ಮ ದಾದಿ ಯಾರಿಗೂ ಹೇಳದೆ ಒಂದು ಬಿ.ಪಿ. ಗುಳಿಗೆ ಬಿಟ್ಟುಬಿಟ್ಟರು. “ಅದನ್ನ ತಗೊಂಡ್ರ ಬಾಯಿ ಕಟಗಿ ಆಗತೈತಿ. ರೋಜಾ ಹೆಂಗ ಹಿಡೀಲಿ?” ಎಂಬುದು ಅವರ ವಾದ. ಮೂರನೇ ದಿನ ತಲೆ ಸಿಡಿತ, ಎದೆ ಡವಡವ. ಎಂ.ಕೆ. ಹುಬ್ಬಳ್ಳಿಯಿಂದ ಬೆಳಗಾವಿ ಮುಟ್ಟುವಷ್ಟರಲ್ಲಿ ನಮ್ಮೆಲ್ಲರ ಬಾಯಿಯೂ ಒಣಗಿತ್ತು. ಪ್ರೆಶರ್ 210 ದಾಟಿತ್ತು. ಅಲ್ಲಾಹನ ದಯೆ, ಉಳಿದರು.

ಆ ಗುಳಿಗೆ ಕ್ಲೋನಿಡಿನ್. ಬಿ.ಪಿ.ಯ ಹೆಚ್ಚಿನ ಔಷಧಗಳು ಹೃದಯ, ರಕ್ತನಾಳ, ಮೂತ್ರಪಿಂಡಗಳ ಮೇಲೆ ಕೆಲಸ ಮಾಡಿದರೆ ಇದು ಮುಖ್ಯವಾಗಿ ಮಿದುಳಿನಲ್ಲೇ ಕೆಲಸ ಮಾಡುತ್ತದೆ. ರಕ್ತನಾಳಗಳನ್ನು ಬಿಗಿಗೊಳಿಸುವ ನರಗಳಿಗೆ ಮಿದುಳು ಕೊಡುವ ಆಜ್ಞೆಯನ್ನು ತಗ್ಗಿಸುತ್ತದೆ. ಜೊತೆಗೆ ಜೊಲ್ಲೂ ಕಡಿಮೆಯಾಗುತ್ತದೆ. ಇದನ್ನು ಒಮ್ಮೆಲೇ ನಿಲ್ಲಿಸಿದರೆ ತಡೆದಿಟ್ಟ ಆಜ್ಞೆಗಳೆಲ್ಲ ಒಟ್ಟಿಗೇ ನುಗ್ಗಿ, ಒಂದೆರಡು ದಿನದಲ್ಲೇ ರಕ್ತದೊತ್ತಡ ಜಿಗಿಯುತ್ತದೆ.

ನಿಜವಾದ ಬಾಯಾರಿಕೆ ಬೇರೆ. ಹೈಪೋಥಲಾಮಸ್ ಎಂದು ಪ್ರಥಮ ಪಿಯು ಜೀವಶಾಸ್ತ್ರದಲ್ಲಿ ಬಾಯಿಪಾಠ ಮಾಡಿದ್ದೇವಲ್ಲ, ಆ ಭಾಗದಲ್ಲಿ ರಕ್ತದ ಉಪ್ಪಿನಂಶ ಏರಿದ್ದು ಗೊತ್ತಾದಾಗ ನೀರು ಬೇಕೆನಿಸುತ್ತದೆ. ಸೋಜಿಗವೆಂದರೆ, ಪ್ರಯೋಗಗಳಲ್ಲಿ ಕ್ಲೋನಿಡಿನ್ ಕೊಟ್ಟ ಇಲಿಗಳು ನೀರು ಕುಡಿಯುವುದನ್ನೇ ಕಡಿಮೆ ಮಾಡಿದವು. ಇಲಿಯ ಮಾತು ಮನುಷ್ಯರಿಗೆ ಹಾಗೇ ಹೊಂದಬೇಕೆಂದಿಲ್ಲ. ಆದರೆ ವಯಸ್ಸಾದಂತೆ ಬಾಯಾರಿಕೆ ಮಂದವಾಗುವುದು ನಿಜ. ಬಾಯಿ ಒಣಗಿದ ದಾದಿಯ ದೇಹದಲ್ಲಿ ನೀರು ಸಾಕಷ್ಟಿರಬಹುದು. “ನೀರು ಬ್ಯಾಡ” ಎನ್ನುವ ದಾದಾನಿಗೆ ನೀರು ಬೇಕಾಗಿರಬಹುದು. ಎರಡನ್ನೂ ನಾಲಿಗೆಯ ಮೇಲೆ ತೀರ್ಮಾನಿಸಲಾಗದು.

ತಪ್ಪು ದಾದಿಯದೆಂದು ಮನೆಯಲ್ಲಿ ಎಲ್ಲರೂ ಬೈದರು. ನನಗೆ ಹಾಗನಿಸುವುದಿಲ್ಲ. ಚೀಟಿ ಇಂಗ್ಲಿಷಿನಲ್ಲಿತ್ತು, ವಿಜ್ಞಾನ ಓದುವ ನಾನು ಅದೇ ಮನೆಯಲ್ಲಿದ್ದೆ, ಒಮ್ಮೆಯೂ ತೆರೆದು ನೋಡಿರಲಿಲ್ಲ. ಕಾಯಿಲೆಯವರಿಗೆ ರೋಜಾದಲ್ಲಿ ರಿಯಾಯಿತಿ ಇದೆಯೆಂದು ಅವರಿಗೂ ಗೊತ್ತು, ಆದರೆ ಐವತ್ತು ವರ್ಷ ಹಿಡಿದವರಿಗೆ ಬಿಡು ಎನ್ನುವುದು ಸುಲಭವೇ? ಅದಕ್ಕೇ ಶಾಬಾನ್ ತಿಂಗಳಲ್ಲೇ ಮನೆಯ ಹಿರಿಯರ ಗುಳಿಗೆ ಡಬ್ಬಿ ಹಿಡಿದು ಡಾಕ್ಟರ ಹತ್ತಿರ ಹೋಗಬೇಕು. ರೋಜಾ ಹಿಡಿಯಬಹುದೇ, ಯಾವುದನ್ನು ಸಹರಿಗೆ, ಯಾವುದನ್ನು ಇಫ್ತಾರ್‌ಗೆ ತೆಗೆದುಕೊಳ್ಳಬೇಕು, ಯಾವುದನ್ನು ಬದಲಿಸಬಹುದು ಎಂದು ಕೇಳಬೇಕು. ಈ ಕೆಲಸ ನಮ್ಮಂಥ ವಿದ್ಯಾರ್ಥಿಗಳದೇ.

ದಾದಿಗೆ ಡಾಕ್ಟರು ಆ ಗುಳಿಗೆಯನ್ನು ಮತ್ತೆ ಶುರುಮಾಡಿಸಿ, ಸ್ವಲ್ಪಸ್ವಲ್ಪವೇ ಇಳಿಸುತ್ತ ಬಿಡಿಸಿದರು. ಈಗ ಬೇರೆ ಗುಳಿಗೆ. ಅದರ ಹೆಸರನ್ನು ಡಬ್ಬಿಯ ಮೇಲೆ ಕನ್ನಡದಲ್ಲೂ ಉರ್ದುವಿನಲ್ಲೂ ಬರೆದು ಅಂಟಿಸಿದ್ದೇನೆ.