ಕುಲುಮೆ ಒಂದು ಜಾತಿಯ ಆಸ್ತಿಯಲ್ಲ: ಸುತ್ತಿಗೆ ಹಿಡಿಯಿರಿ, ಪುಕ್ಕಟೆ ಮಾತ್ರ ಕಲಿಯಬೇಡಿ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ಈ ನಾಲ್ಕು ತಾಲ್ಲೂಕಿನ ಹುಡುಗರ ಫೋನಿನಲ್ಲಿ ಈಗ ಕಬ್ಬಿಣ ಬಡಿಯುವ ವಿಡಿಯೊ ಓಡುತ್ತಿವೆ. ಅಮೆರಿಕದಲ್ಲಿ ಯಾರೋ ಒಬ್ಬ ಮನೆ ಹಿಂದಿನ ಶೆಡ್ಡಿನಲ್ಲಿ ಕೆಂಪಗೆ ಕಾದ ಪಟ್ಟಿ ಬಡಿದು ಚಾಕು ಮಾಡುತ್ತಾನೆ. ನಮ್ಮ ಹುಡುಗ ಬಾಯಿ ತೆರೆದು ನೋಡುತ್ತಾನೆ, ಲೈಕ್ ಒತ್ತುತ್ತಾನೆ. ತನ್ನದೇ ಊರಿನ ಕಂಬಾರರ ಮನೆ ಮುಂದೆ ಹಾದು ಹೋಗುವಾಗ ಮಾತ್ರ ತಿರುಗಿಯೂ ನೋಡುವುದಿಲ್ಲ. ಅಲ್ಲಿ ಹೋಗಿ ಕೂಡಲು ಅವನಿಗೆ ನಾಚಿಕೆ.

ನಮ್ಮ ಜಗಳ ಇರುವುದು ಈ ನಾಚಿಕೆಯ ಜೊತೆಗೆ.

ಕಲಿಯಬೇಕು ಅಂತ ಮನಸ್ಸು ಮಾಡಿದವನಿಗೆ ಮನೆಯಲ್ಲಿ ಸಿಗುವ ಮೊದಲ ಮಾತು ಏನು? "ಅದು ಕಂಬಾರರ ಕೆಲಸ, ನಿನಗ್ಯಾಕಪ್ಪಾ?" ಹೊರಗಿನಿಂದ ನೋಡಿದರೆ ಸಣ್ಣ ಮಾತು. ಆದರೆ ಇದರೊಳಗೆ ಎರಡು ಸುಳ್ಳಿವೆ. ಒಂದು, ಕೆಲಸ ಹುಟ್ಟಿನಿಂದ ಬರುತ್ತದೆ ಅನ್ನುವುದು. ಇನ್ನೊಂದು, ಆ ಕೆಲಸ ನಮ್ಮ ಅಂತಸ್ತಿಗೆ ಕಡಿಮೆ ಅನ್ನುವುದು.

ಬಸವಣ್ಣನವರು ಹುಟ್ಟಿದ ನೆಲದಲ್ಲಿ ನಿಂತು ಈ ಮಾತು ಆಡುವುದಕ್ಕೆ ನಮಗೆ ಬಾಯಾದರೂ ಹೇಗೆ ಬರುತ್ತದೆ? ಮನುಷ್ಯನಿಗೆ ಕಸುಬಿನ ಹೆಸರು ಬರುವುದು ಮಾಡುವ ಕೆಲಸದಿಂದ, ಹುಟ್ಟಿನಿಂದಲ್ಲ ಎಂದು ಹೇಳುವಾಗ ಅವರು ಕಮ್ಮಾರನನ್ನೇ ಉದಾಹರಣೆಗೆ ತೆಗೆದುಕೊಂಡಿದ್ದಾರೆ. ಬಸವ ಜಯಂತಿಗೆ ಮೆರವಣಿಗೆ ತೆಗೆಯುತ್ತೇವೆ, ಕಾಯಕದ ಬಗ್ಗೆ ಭಾಷಣ ಮಾಡುತ್ತೇವೆ. ಮರುದಿನ ಮಗ ಸುತ್ತಿಗೆ ಹಿಡಿದರೆ ಮರ್ಯಾದೆ ಹೋಯಿತು ಅನ್ನುತ್ತೇವೆ.

ಹಳೆಯ ಕಾಲವೇ ಚೆನ್ನಾಗಿತ್ತು ಎಂದು ಹೇಳಲು ನಾವು ಬಂದಿಲ್ಲ. ಆಗ ಕಂಬಾರ ಊರಿನ ಆಯಗಾರ. ವರ್ಷವಿಡೀ ರೈತರ ಕುಡ ಹಣಿಯಬೇಕು, ಕೂರಿಗೆ ಸರಿ ಮಾಡಬೇಕು, ಕುರ್ಪಿ ತಟ್ಟಿಕೊಡಬೇಕು. ಸುಗ್ಗಿಯಲ್ಲಿ ಕಣಕ್ಕೆ ಹೋಗಿ ತನ್ನ ಪಾಲಿನ ಕಾಳು ತರಬೇಕು. ದುಡಿದದ್ದನ್ನೇ ಬೇಡಿದವರ ಹಾಗೆ ನಿಂತು ಪಡೆಯಬೇಕು. ಆಮೇಲೆ ಟ್ರ್ಯಾಕ್ಟರ್ ಬಂತು. ಕಾರ್ಖಾನೆಯ ಕುಡಗೋಲು ಸಂತೆಗೆ ಬಂತು. ಬಂಡಿಗೆ ರಬ್ಬರ್ ಟೈರ್ ಬಂತು, ಗಾಲಿಗೆ ಕಬ್ಬಿಣದ ಪಟ್ಟಿ ತೊಡಿಸುವ ಕೆಲಸ ಹೋಯಿತು. ಕಂಬಾರರ ಮಕ್ಕಳು ವೆಲ್ಡಿಂಗ್ ಅಂಗಡಿಗೆ, ಪುಣೆಗೆ, ಬೆಂಗಳೂರಿಗೆ ಹೋದರು. ಹೋಗಿದ್ದು ತಪ್ಪಲ್ಲ. ಹೊಗೆ, ಸಾಲ ಮತ್ತು ತಿರಸ್ಕಾರದ ನಡುವೆ ಅವರೇ ಕೂತಿರಲಿ ಎಂದು ಬಯಸುವ ಹಕ್ಕು ನಮಗಿಲ್ಲ.

ಒಂದು ಜಾತಿಯ ಮಕ್ಕಳು ಬಿಟ್ಟರೆ ವಿದ್ಯೆಯೇ ಸತ್ತು ಹೋಗುತ್ತದೆ ಅನ್ನುವ ಸ್ಥಿತಿ ತಂದವರು ಯಾರು? ಉಳಿದ ನಾವೆಲ್ಲ. "ಅದು ಅವರ ಕೆಲಸ" ಅಂದವರು.

"ಹೊಟ್ಟೆ ತುಂಬಿಸದ ಕೆಲಸ ಕಲಿತು ಏನು ಮಾಡೋದು?" ಎಂದು ಕೇಳುವವರಿದ್ದಾರೆ. ಭಜನೆ ಹೊಟ್ಟೆ ತುಂಬಿಸುತ್ತದಾ? ಕುಸ್ತಿ, ಡೊಳ್ಳು ತುಂಬಿಸುತ್ತವಾ? ಆದರೂ ಕಲಿಯುತ್ತೇವೆ. ಕುಲುಮೆಯ ಹವ್ಯಾಸ ಅದಕ್ಕಿಂತ ಒಂದು ಹೆಜ್ಜೆ ಮುಂದೆ, ಮನೆಗೊಂದು ಕುರ್ಪಿಯನ್ನಾದರೂ ಕೊಡುತ್ತದೆ.

"ಪೇಟೆಯಲ್ಲಿ ಎಲ್ಲ ಸಿಗುತ್ತದಲ್ಲ?" ಸಿಗುತ್ತದೆ. ಆದರೆ ಪೇಟೆಯ ಕುರ್ಪಿಯ ಹಿಡಿ ನಿಮ್ಮ ಅವ್ವನ ಕೈ ನೋಡಿ ಮಾಡಿದ್ದಲ್ಲ. ಬಾಯಿ ಮೊಂಡಾದರೆ ಗ್ರೈಂಡರ್ ಹಿಡಿಯುತ್ತೀರಿ. ಅಂಚು ನೀಲಿಗಟ್ಟಿತೋ, ಹದ ಹೋಯಿತು ಅಂತಲೇ ಅರ್ಥ. ಮತ್ತೆ ಕಾಸಿ ಹದ ಕೊಡಬೇಕು, ಅದನ್ನು ಬಲ್ಲ ಕೈ ಊರಿನಲ್ಲಿ ಇರಬೇಕು.

ಇದು ಕೀಳು ಕೆಲಸ ಅನ್ನುವವರು ವಿಜಯಪುರಕ್ಕೆ ಹೋದಾಗ ಉಪ್ಲಿ ಬುರುಜು ಹತ್ತಿ ಬನ್ನಿ. ಅಲ್ಲಿ ಸುಮಾರು 30 ಅಡಿ ಉದ್ದದ ತೋಪು ಬಿದ್ದಿದೆ. ಮಲಿಕ್-ಎ-ಮೈದಾನದ ಹಾಗೆ ಎರಕ ಹೊಯ್ದದ್ದಲ್ಲ ಅದು. ಕಬ್ಬಿಣದ ಪಟ್ಟಿಗಳನ್ನು ಉದ್ದಕ್ಕೆ ಜೋಡಿಸಿ, ಮೇಲೆ ಕಬ್ಬಿಣದ ಬಳೆ ಬಿಗಿದು ಮಾಡಿದ್ದು. ಬಂಡಿ ಗಾಲಿಗೆ ಕಾದ ಪಟ್ಟಿ ತೊಡಿಸಿ, ನೀರು ಸುರಿದು ಬಿಗಿಯುತ್ತಿದ್ದರಲ್ಲ, ಹೆಚ್ಚುಕಡಿಮೆ ಅದೇ ಜಾಣತನ. ಆದಿಲ್‌ಶಾಹಿ ಕೋಟೆ ನೋಡಿ ಸುಲ್ತಾನರ ಹೆಸರು ಹೇಳುತ್ತೇವೆ, ಬಡಿದವರ ನೆನಪು ಬರುವುದಿಲ್ಲ.

ಹೆಣ್ಣುಮಕ್ಕಳಿಗೆ ಇದು ಆಗದು ಅನ್ನುವವರು ರಸ್ತೆ ಬದಿ ಬಿಡಾರ ಹೂಡುವ ಘಿಸಾಡಿಗಳನ್ನು ನೋಡಲಿ. ಗಂಡ ಇಕ್ಕಳದಲ್ಲಿ ಕಬ್ಬಿಣ ಹಿಡಿದು ತಿರುಗಿಸುತ್ತಾನೆ, ದೊಡ್ಡ ಸುತ್ತಿಗೆ ಎತ್ತಿ ಹೊಡೆಯುವವಳು ಹೆಂಡತಿ.

ಸರಿ, ಶುರು ಮಾಡುವುದು ಹೇಗೆ?

ಆನ್‌ಲೈನ್‌ನಲ್ಲಿ ಸಾಮಾನು ತರಿಸುವುದಕ್ಕಿಂತ ಮೊದಲು ಕುಲುಮೆ ಉಳಿದಿರುವ ಊರು ಹುಡುಕಿ. ನಿಮ್ಮ ಊರಿನಲ್ಲಿ ಇಲ್ಲದಿದ್ದರೆ ಸಂತೆಯ ಊರಿನಲ್ಲಿ ಕೇಳಿ. ಹೋಗಿ "ಕಾಕಾ, ವಾರಕ್ಕೊಂದು ದಿನ ಬರ್ತೀನಿ, ಕಲಿಸ್ರಿ" ಅನ್ನಿ. ಮೊದಲ ದಿನ ಗಾಳಿ ಹಾಕುವ ಕೆಲಸ ಕೊಟ್ಟರೆ ಬೇಸರ ಬೇಡ. ಬೆಂಕಿ ಓದುವುದನ್ನು ಕಲಿಯುವ ಜಾಗ ಅದೇ.

ಕಬ್ಬಿಣ ಬಣ್ಣದಲ್ಲಿ ಮಾತಾಡುತ್ತದೆ. ಕಪ್ಪುಗೆಂಪು ಇದ್ದಾಗ ಬಡಿದರೆ ಕಬ್ಬಿಣ ಮಣಿಯುವುದಿಲ್ಲ, ಬಿರಿಯಲೂಬಹುದು. ಕಿತ್ತಳೆ, ಹಳದಿ ಬಣ್ಣಕ್ಕೆ ಬಂದಾಗ ಮೆತ್ತಗೆ ಮಣಿಯುತ್ತದೆ. ಬೆಳ್ಳಗಾಗಿ ಕಿಡಿ ಹಾರಿದರೆ ಸುಟ್ಟು ಹೋಯಿತು, ಮತ್ತೆ ಸರಿಯಾಗದು. ಕುಲುಮೆಯನ್ನು ನೆರಳಿನಲ್ಲಿ, ಅರೆಗತ್ತಲಿನಲ್ಲಿ ಇಡುವುದು ಇದಕ್ಕೇ. ನಮ್ಮ ಕಡೆಯ ಬಿಸಿಲಿನಲ್ಲಿ ಈ ಬಣ್ಣ ಕಾಣುವುದೇ ಇಲ್ಲ.

ಮನೆಯಲ್ಲಿ ಮಾಡಿಕೊಳ್ಳುವುದಾದರೆ ಲಾರಿಯ ಹಳೆ ಬ್ರೇಕ್ ಡ್ರಮ್ ಒಂದು, ಕೆಳಗಿನಿಂದ ಗಾಳಿ ಬಿಡಲು ಕಬ್ಬಿಣದ ಪೈಪು, ಕೈಯಿಂದ ತಿರುಗಿಸುವ ಬ್ಲೋವರ್, ಜಾಲಿ ಇದ್ದಿಲು. ಮಣ್ಣಿನ ಒಲೆ ಕಟ್ಟುವವರು ಬರೀ ಎರೆಮಣ್ಣು ಬಳಸಬೇಡಿ, ಒಣಗಿದರೆ ಬಿರಿಯುತ್ತದೆ, ಉಸುಕು ಬೆರೆಸಿ. ಅಡಿಗಲ್ಲಿಗೆ ಗುಜರಿಯಲ್ಲಿ ಸಿಗುವ ದಪ್ಪ ಉಕ್ಕಿನ ತುಂಡು ಅಥವಾ ದೊಡ್ಡ ಸುತ್ತಿಗೆಯ ತಲೆ ಸಾಕು, ಜಾಲಿ ದಿಮ್ಮಿಯಲ್ಲಿ ಗಟ್ಟಿಯಾಗಿ ಕೂರಿಸಿ. ವಿಡಿಯೊ ನೋಡಿ ರೈಲು ಹಳಿಯ ತುಂಡು ಹುಡುಕಲು ಹೋಗಬೇಡಿ. ಕದ್ದ ರೈಲ್ವೆ ಮಾಲು ಮನೆಯಲ್ಲಿ ಸಿಕ್ಕರೂ 1966ರ ಕಾಯ್ದೆಯಲ್ಲಿ ಕೇಸು ಬೀಳುತ್ತದೆ.

ಮೊದಲು 8 ಎಂಎಂ ಸಾದಾ ಕಬ್ಬಿಣದ ಸರಳು ತೆಗೆದುಕೊಂಡು ಒಂದು ಕೊಕ್ಕೆ ಮಾಡಿ. ಆಮೇಲೆ ದನ ಕಟ್ಟುವ ಗೂಟ. ಇಂಡಿ ಕಡೆಯವರಾದರೆ ಲಿಂಬಿ ಹರಿಯುವ ಕೋಲಿನ ಕೊಕ್ಕಿ. ಬಾಯಿ ಇರುವ ಸಾಮಾನಿಗೆ ಕೈ ಹಾಕುವುದು ಇವೆಲ್ಲ ಆದ ಮೇಲೆ. ಕುರ್ಪಿಗೆ ಟ್ರಕ್ಕಿನ ಹಳೆ ಕಮಾನ್ ಪಟ್ಟಿ ಒಳ್ಳೆಯದು. ಕಬ್ಬಿಣ ಸುಮಾರು 770 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅಯಸ್ಕಾಂತ ಅದಕ್ಕೆ ಅಂಟುವುದಿಲ್ಲ. ಹಳೆ ಸ್ಪೀಕರಿನ ಅಯಸ್ಕಾಂತ ಹಿಡಿದು ನೋಡಿ, ಅಂಟುವುದು ಬಿಟ್ಟ ಮೇಲೆ ಇನ್ನೊಂದು ತುಸು ಕಾಸಿ ಎಣ್ಣೆಯಲ್ಲಿ ಅದ್ದಿ. ಕಮಾನ್ ಪಟ್ಟಿಯನ್ನು ತಣ್ಣೀರಿಗೆ ಅದ್ದಿದರೆ ಸೀಳಬಹುದು. ಅದ್ದಿದ ಮೇಲೆ ಅದು ಗಾಜಿನಂತೆ ಪೆಡಸು. ಅಂಚನ್ನು ಉಜ್ಜಿ ಹೊಳಪು ಬರಿಸಿ, ಒಣ ಹುಲ್ಲಿನ ಬಣ್ಣ ಬರುವವರೆಗೆ ಮತ್ತೆ ಮೆಲ್ಲಗೆ ಬಿಸಿ ಮಾಡಿ. ಹದ ಅಂದರೆ ಇದೇ.

ಜಿಐ ಪೈಪು, ಸತುವಿನ ಲೇಪದ ತಗಡು ಬೆಂಕಿಗೆ ಹಾಕಲೇಬೇಡಿ. ಅದರ ಹೊಗೆ ಕುಡಿದರೆ ಚಳಿ ಜ್ವರ ಹಿಡಿಯುತ್ತದೆ. ಹತ್ತಿಯ ಬಟ್ಟೆ, ಕಾಲಿಗೆ ಚಪ್ಪಲಿ ಅಲ್ಲ ಬೂಟು, ಕಣ್ಣಿಗೆ ಕನ್ನಡಕ. ನೈಲಾನ್, ಪಾಲಿಸ್ಟರ್ ಬೇಡ, ಕಿಡಿ ಬಿದ್ದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಬಣವಿಯಿಂದ ದೂರ ಇರಿ, ಗಾಳಿ ಬೀಸುವ ದಿನ ಬೆಂಕಿ ಹಚ್ಚಬೇಡಿ.

ಇನ್ನೊಂದು ಮಾತು, ಇದು ನೇರವಾಗಿ ಹುಡುಗರಿಗೆ. ತಲವಾರು, ಲಾಂಗು ಮಾಡಿ ರೀಲ್ಸ್ ಹಾಕುವ ಆಸೆ ಇದ್ದರೆ ಈ ಕಡೆ ಬರಬೇಡಿ. ಬರೀ ಮನೆಗೆಲಸಕ್ಕೆ, ಒಕ್ಕಲುತನಕ್ಕೆ ಅಂತ ಮಾಡಿದ ಸಲಕರಣೆಯನ್ನು 1959ರ ಶಸ್ತ್ರಾಸ್ತ್ರ ಕಾಯ್ದೆ ಆಯುಧ ಎಂದು ಎಣಿಸುವುದಿಲ್ಲ. ತಲವಾರನ್ನು ಆಯುಧ ಅಂತಲೇ ನೋಡುತ್ತದೆ. ನಿಮ್ಮ ಒಂದು ರೀಲ್ಸ್‌ನಿಂದ ಪೊಲೀಸರು ಮೊದಲು ಹೋಗಿ ನಿಲ್ಲುವುದು ನಿಮಗೆ ಕಲಿಸಿದ ಕಾಕಾನ ಬಾಗಿಲಿಗೆ.

ಈಗ ಕಂಬಾರರೇ ಎತ್ತುವ ಪ್ರಶ್ನೆ. "ನೂರಾರು ವರ್ಷ ನಮ್ಮನ್ನು ಕೆಳಗೆ ಕೂಡಿಸಿದಿರಿ, ಈಗ ನಮ್ಮ ವಿದ್ಯೆಯನ್ನೂ ತಮಾಷೆಗೆ ಒಯ್ಯುತ್ತೀರಾ?" ಈ ಪ್ರಶ್ನೆಗೆ ಸಿಟ್ಟಾಗುವ ಯೋಗ್ಯತೆ ನಮಗಿಲ್ಲ. ಪ್ರಶ್ನೆ ಸರಿಯಾಗಿದೆ, ಉತ್ತರವನ್ನು ನಡತೆಯಲ್ಲಿ ಕೊಡಬೇಕು.

ಆದ್ದರಿಂದ ಕಲಿಯುವವರಿಗೆ ನಾವು ಮೂರು ಷರತ್ತು ಹಾಕುತ್ತೇವೆ.

ಒಂದು, ಪುಕ್ಕಟೆ ಕಲಿಯಬೇಡಿ. ಹೋದ ದಿನಕ್ಕೆ ಊರಿನಲ್ಲಿ ನಡೆಯುವ ಒಂದು ದಿನದ ಕೂಲಿಗಿಂತ ಕಡಿಮೆ ಕೊಡಬೇಡಿ. ಇದ್ದಿಲಿನ ಖರ್ಚು ಬೇರೆ. ಟ್ಯೂಷನ್‌ಗೆ ಫೀ ಕೊಡುವ ಊರು ಕುಲುಮೆಗೆ ಕೊಡಲಾರದೇ?

ಎರಡು, ಕಲಿತ ಮೇಲೆ ಕಲಿಸಿದವರಿಗಿಂತ ಕಡಿಮೆ ರೇಟಿಗೆ ಊರಿನ ಕೆಲಸ ಹಿಡಿಯಬೇಡಿ. ನಿಮಗೆ ಅದು ಭಾನುವಾರದ ಖುಷಿ, ಅವರಿಗೆ ಸೋಮವಾರದ ಅಕ್ಕಿ. ಗಿರಾಕಿ ಬಂದರೆ ಅವರ ಕಡೆ ಕಳಿಸಿ.

ಮೂರು, ನಿಮ್ಮ ಓದನ್ನು ಅವರಿಗೆ ಕೊಡಿ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಂಬಾರಿಕೆಯೂ ಇದೆ. ತರಬೇತಿ ದಿನಗಳಿಗೆ ದಿನಕ್ಕೆ ₹500, ಸಲಕರಣೆಗೆ ₹15,000ದವರೆಗೆ, ಆಮೇಲೆ ಕಡಿಮೆ ಬಡ್ಡಿಯ ಸಾಲ. ಅರ್ಜಿ ಹಾಕುವುದು ಸಿಎಸ್‌ಸಿ ಕೇಂದ್ರದಲ್ಲಿ, ಮೊದಲ ಪರಿಶೀಲನೆ ಗ್ರಾಮ ಪಂಚಾಯಿತಿಯಲ್ಲಿ. ನಿಮ್ಮ ಗುರುವಿಗೆ ಇದು ಸಿಕ್ಕಿದೆಯಾ ಕೇಳಿ. ಸಿಕ್ಕಿಲ್ಲವಾದರೆ ಫೋನ್ ತೆಗೆದು ಅರ್ಜಿ ಈಗ ತೆರೆದಿದೆಯಾ ನೋಡಿ, ಜೊತೆಗೆ ಪಂಚಾಯಿತಿಗೆ ಹೋಗಿ.

ಸರ್ಕಾರಕ್ಕೂ ಒಂದು ಮಾತಿದೆ. ಆ ಯೋಜನೆ "ಕುಟುಂಬ ಆಧಾರಿತ" ಕಸುಬು ಎಂಬ ಲೆಕ್ಕದಲ್ಲೇ ನಿಂತಿದೆ. ಈಗ ಕಸುಬು ನಡೆಸುತ್ತಿರುವವರಿಗೆ ನೆರವು ಸಿಗಲೇಬೇಕು, ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ಬೇರೆ ಮನೆಯ ಮಕ್ಕಳು ಕಲಿಯಲು ಬಂದರೆ ಕಲಿಸುವ ಕಂಬಾರರಿಗೆ ಗುರುವಿನ ಸಂಬಳ ಕೊಡುವ ದಾರಿ ಬೇಕು. ತಾಲ್ಲೂಕಿಗೊಂದು ಪ್ರೌಢಶಾಲೆಯಲ್ಲಿ ವಾರಕ್ಕೊಂದು ಕುಲುಮೆ ಪೀರಿಯಡ್ ಇಟ್ಟರೆ ಏನು ಗಂಟು ಹೋಗುತ್ತದೆ? ವಿಜ್ಞಾನದ ಪುಸ್ತಕದಲ್ಲಿ ಓದುವ ಉಷ್ಣತೆ, ಲೋಹ, ಆಕ್ಸಿಜನ್ ಎಲ್ಲ ಅಲ್ಲಿ ಕಣ್ಣಿಗೆ ಕಾಣುತ್ತವೆ.

ಕುಲುಮೆಯನ್ನು ಮ್ಯೂಸಿಯಂಗೆ ಕಳಿಸಿ ಗಾಜಿನ ಹಿಂದೆ ಇಟ್ಟು ಕೈ ಮುಗಿಯುವ ದಿನಕ್ಕೆ ನಾವು ಕಾಯಬೇಕಾಗಿಲ್ಲ. ಬರುವ ಸಂತೆಗೆ ಹೋದಾಗ ಮನೆಯ ಮೊಂಡು ಕುರ್ಪಿ ಚೀಲದಲ್ಲಿ ಹಾಕಿಕೊಂಡು ಹೋಗಿ. ಕುಲುಮೆ ಎಲ್ಲಿದೆ ಕೇಳಿ, ಹಣಿಸಿ, ದುಡ್ಡು ಕೊಡಿ. ಆಮೇಲೆ ಕೇಳಿ: "ಕಾಕಾ, ನನಗೂ ಕಲಿಸ್ತೀರೇನ್ರಿ?"